ಮೊದಲ ವಿದೇಶ ಪ್ರವಾಸ: ಬೆಂಗಳೂರಿನಿಂದ ಸಿಂಗಪುರಕ್ಕೆ, ಹಂತ ಹಂತವಾಗಿ

ಮೊದಲ ಸಲ ಹೊರದೇಶಕ್ಕೆ ಹೊರಟವರಿಗೆ ಸಾಮಾನ್ಯವಾಗಿ ಎರಡು ಹೆದರಿಕೆ. ಒಂದು ಇಂಗ್ಲಿಷಿನದು, ಇನ್ನೊಂದು ಊಟದ್ದು. ಎರಡೂ ಹೇಗೋ ಸಂಭಾಳಿಸಿಕೊಂಡು ಹೋಗುತ್ತವೆ. ಆದರೆ ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿಗೆ ತಾಳೆಯಾಗದಿದ್ದರೆ, ಪಾಸ್‌ಪೋರ್ಟಿನ ಅವಧಿ ಆರು ತಿಂಗಳೂ ಉಳಿದಿಲ್ಲದಿದ್ದರೆ, ಮಧ್ಯರಾತ್ರಿಯ ವಿಮಾನದ ತಾರೀಖನ್ನು ತಪ್ಪಾಗಿ ಓದಿಕೊಂಡಿದ್ದರೆ ದೇವನಹಳ್ಳಿಯಿಂದಲೇ ಮನೆಗೆ ವಾಪಸು. ಪ್ರವಾಸ ಕೆಡುವುದು ಹೆಚ್ಚಾಗಿ ಹೊರಡುವ ತಿಂಗಳೆರಡು ತಿಂಗಳ ಮೊದಲೇ, ಮನೆಯ ಸೋಫಾದ ಮೇಲೆ ಕೂತು ಫಾರಂ ತುಂಬುವಾಗ. ಅದಕ್ಕೇ ಈ ಬರಹದಲ್ಲಿ ನೋಡುವ ಜಾಗಗಳಿಗಿಂತ ಹೊರಡುವ ಮುಂಚಿನ ಕೆಲಸಗಳಿಗೆ ಹೆಚ್ಚು ಜಾಗ.

ಉದಾಹರಣೆಗೆ ಸಿಂಗಪುರವನ್ನು ತೆಗೆದುಕೊಂಡಿದ್ದೇನೆ. ಬೆಂಗಳೂರಿನಿಂದ ನೇರ ವಿಮಾನವಿದೆ, ನಾಲ್ಕೂವರೆ ಗಂಟೆಯ ಆಸುಪಾಸಿನ ಹಾದಿ. ಅಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲಿ ಇಂಗ್ಲಿಷ್ ಒಂದು, ತಮಿಳು ಇನ್ನೊಂದು. ವಾಹನಗಳು ನಮ್ಮಂತೆ ಎಡಗಡೆಗೇ ಓಡುತ್ತವೆ, ನಲ್ಲಿ ನೀರನ್ನು ಹಾಗೇ ಕುಡಿಯಬಹುದು. ಅಪ್ಪ ಅಮ್ಮನನ್ನೋ ಮಕ್ಕಳನ್ನೋ ಕರೆದುಕೊಂಡು ಮೊದಲ ಸಲ ಹೋಗುವವರಿಗೆ ಇದಕ್ಕಿಂತ ಸಲೀಸಾದ ಊರು ಕಡಿಮೆ. ನೀವು ಥಾಯ್ಲೆಂಡಿಗೋ ವಿಯೆಟ್ನಾಮಿಗೋ ದುಬೈಗೋ ಹೊರಟಿದ್ದರೂ ಹಂತಗಳು ಹೆಚ್ಚುಕಮ್ಮಿ ಇವೇ. ವೀಸಾದ ಹಂತ ಮಾತ್ರ ಬದಲಾಗುತ್ತದೆ.

ಹಂತ 1: ಪಾಸ್‌ಪೋರ್ಟ್ ತೆಗೆದು ನೋಡಿ

ಪಾಸ್‌ಪೋರ್ಟ್ ಇದ್ದರೆ ಬೀರುವಿನಿಂದ ಈಗಲೇ ತೆಗೆದು ಕೊನೆಯ ದಿನಾಂಕ ನೋಡಿ. ನೀವು ಆ ದೇಶಕ್ಕೆ ಕಾಲಿಡುವ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಪುಟ ಹರಿದಿದ್ದರೆ, ನೀರು ಬಿದ್ದು ಫೋಟೊ ಮಸುಕಾಗಿದ್ದರೆ ಹೊಸದಕ್ಕೆ ಅರ್ಜಿ ಹಾಕಿ.

ಇಲ್ಲದಿದ್ದರೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ತುಂಬಿ, ದುಡ್ಡು ಕಟ್ಟಿ, ದಿನ ಗೊತ್ತುಮಾಡಿಕೊಳ್ಳಬೇಕು. ವಯಸ್ಕರಿಗೆ 36 ಪುಟಗಳ ಪುಸ್ತಕಕ್ಕೆ 1,500 ರೂಪಾಯಿ. ತತ್ಕಾಲ್ ಆದರೆ ಇನ್ನೂ 2,000 ಸೇರುತ್ತದೆ. ಇದಕ್ಕಾಗಿ ಎಲ್ಲರೂ ಬೆಂಗಳೂರಿಗೆ ಬರಬೇಕಾದ ಕಾಲ ಹೋಯಿತು. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಎಂಬ ಯೋಜನೆ 2017ರ ಜನವರಿಯಲ್ಲಿ ದೇಶದಲ್ಲಿ ಮೊದಲು ಶುರುವಾದ ಎರಡು ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಈಗ ಅಂಥ ಕೇಂದ್ರಗಳು ಹಲವು ಜಿಲ್ಲೆಗಳಲ್ಲಿವೆ.

ವಿಳಾಸದ ಕಾಲಂನಲ್ಲಿ ಸದ್ಯ ವಾಸವಿರುವ ಮನೆಯ ವಿಳಾಸ ಕೊಡಿ. ಆಧಾರ್‌ನಲ್ಲಿ ಊರಿನ ಮನೆ ಇದೆ ಎಂದು ಅದನ್ನೇ ಬರೆದರೆ, ಪೊಲೀಸ್ ಪರಿಶೀಲನೆಗೆ ಬಂದವರಿಗೆ ಅಲ್ಲಿ ನೀವು ಸಿಗುವುದಿಲ್ಲ, ಕಡತ ಅಲ್ಲೇ ನಿಲ್ಲುತ್ತದೆ. ಮಕ್ಕಳಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು. ಸಣ್ಣ ಮಕ್ಕಳದು ಐದೇ ವರ್ಷಕ್ಕೆ ಮುಗಿಯುತ್ತದೆ ಎಂಬುದನ್ನು ಮರೆಯುವವರು ಬಹಳ. 2023ರ ಅಕ್ಟೋಬರ್ 1 ಅಥವಾ ಅದರ ನಂತರ ಹುಟ್ಟಿದ ಮಗುವಿಗೆ ಹುಟ್ಟಿದ ದಿನದ ದಾಖಲೆಯಾಗಿ ಜನನ ಪ್ರಮಾಣಪತ್ರವನ್ನೇ ಕೊಡಬೇಕು.

ಹಂತ 2: ನಿಮ್ಮ ಹೆಸರೇನು?

ಈ ಹಂತಕ್ಕೆ ಒಂದು ಸಂಜೆ ಪೂರ್ತಿ ಕೊಟ್ಟರೂ ತಪ್ಪಿಲ್ಲ. ಪಾಸ್‌ಪೋರ್ಟಿನಲ್ಲಿ ಎರಡು ಸಾಲು: ಒಂದು ಕುಲನಾಮಕ್ಕೆ, ಒಂದು ಇಟ್ಟ ಹೆಸರಿಗೆ. ಪಾಟೀಲ, ಕುಲಕರ್ಣಿ, ಶೆಟ್ಟಿ, ಭಟ್ ಎಂದು ಅಡ್ಡಹೆಸರು ಇರುವವರಿಗೆ ತೊಂದರೆಯಿಲ್ಲ. ಹಳೆ ಮೈಸೂರು ಕಡೆಯವರ ಪಾಡೇ ಬೇರೆ. ಕೆ. ಆರ್. ಮಂಜುನಾಥ ಎಂದರೆ ಕೆ ಊರಿನದು, ಆರ್ ಅಪ್ಪನದು. ಶಾಲೆಯ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪ್ಯಾನ್‌ನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದದ್ದು. ಇನ್ನು ಪಾಸ್‌ಪೋರ್ಟಿನಲ್ಲಿ ಕುಲನಾಮದ ಸಾಲೇ ಖಾಲಿ.

ಹೊಸದಾಗಿ ಅರ್ಜಿ ಹಾಕುವವರು ಇನಿಷಿಯಲ್‌ಗಳನ್ನು ಬಿಡಿಸಿ, ಎರಡೂ ಸಾಲುಗಳನ್ನು ತುಂಬುವುದು ಒಳ್ಳೆಯದು. ಅದಕ್ಕೆ ಮೊದಲು ಆಧಾರ್ ಮತ್ತು ಪ್ಯಾನ್‌ಗಳನ್ನು ಒಂದೇ ರೂಪಕ್ಕೆ ತಂದುಕೊಳ್ಳಿ. ಮದುವೆಯಾದ ಮೇಲೆ ಹೆಂಡತಿಯ ಹೆಸರಿನ ಜೊತೆ ಗಂಡನ ಹೆಸರು ಸೇರಲೇಬೇಕು ಎಂಬ ನಿಯಮ ಎಲ್ಲೂ ಇಲ್ಲ. ಇರುವ ಹೆಸರೇ ಎಲ್ಲ ಕಾಗದಗಳಲ್ಲೂ ಒಂದೇ ಥರ ಇದ್ದರೆ ಅದನ್ನು ಮುಟ್ಟಬೇಡಿ.

ಕುಲನಾಮ ಖಾಲಿ ಇರುವ ಪಾಸ್‌ಪೋರ್ಟ್ ಈಗಾಗಲೇ ಕೈಯಲ್ಲಿದ್ದರೆ? ಟಿಕೆಟ್ ಕೊಳ್ಳುವ ಫಾರಂ ಎರಡೂ ಹೆಸರು ಕೇಳುತ್ತದೆ, ಒಂದನ್ನು ಖಾಲಿ ಬಿಟ್ಟರೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಕೆಲವು ಏರ್‌ಲೈನ್ಸ್‌ನವರು ಒಂದೇ ಹೆಸರನ್ನು ಎರಡೂ ಕಡೆ ಬರೆಯಿರಿ ಎನ್ನುತ್ತಾರೆ, ಕೆಲವರು ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಎಂದು ಹಾಕಿ ಎನ್ನುತ್ತಾರೆ. ಅಂದಾಜಿನಲ್ಲಿ ಏನೋ ಒಂದು ತುಂಬಬೇಡಿ. ಆಯಾ ಏರ್‌ಲೈನ್ಸ್‌ನ ಸಹಾಯವಾಣಿಗೆ ಫೋನ್ ಮಾಡಿ ಕೇಳಿ, ಅವರು ಹೇಳಿದಂತೆ ಬರೆಯಿರಿ. ದುಬೈ ಕಡೆ ಹೊರಟಿದ್ದರೆ ಇನ್ನೂ ಎಚ್ಚರ ಬೇಕು: ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ಆಮೇಲೆ, ಕೊನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುವುದಾಗಿ ತಿಳಿಸಿತು.

ಟಿಕೆಟ್ ಬಂದಾಗ ಹೆಸರಿನ ಬಾಲಕ್ಕೆ ಎಂಆರ್ ಎಂದೋ ಎಂಆರ್‌ಎಸ್ ಎಂದೋ ಅಂಟಿಕೊಂಡು ‘ಮಂಜುನಾಥ್‌ಎಂಆರ್’ ಎಂದು ಕಂಡರೆ ಗಾಬರಿ ಬೇಡ. ಅದು ಶ್ರೀ, ಶ್ರೀಮತಿ ಅಷ್ಟೆ. ಗಣಕಯಂತ್ರ ಜಾಗ ಬಿಡದೆ ಅಚ್ಚು ಹಾಕಿದೆ. ಆದರೆ ಹೆಸರಿನ ಒಂದಕ್ಷರ ಹೆಚ್ಚುಕಮ್ಮಿ ಆಗಿದ್ದರೆ, ‘ತ’ಕ್ಕೆ ಇಂಗ್ಲಿಷಿನಲ್ಲಿ ಒಂದು ಕಡೆ ಎಚ್ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ಅವತ್ತೇ ಫೋನ್ ಮಾಡಿ ಸರಿಪಡಿಸಿಕೊಳ್ಳಿ. ತಡಮಾಡಿದಷ್ಟೂ ಖರ್ಚು ಹೆಚ್ಚು.

ಹಂತ 3: ದಿನ ಮತ್ತು ಟಿಕೆಟ್

ಸಿಂಗಪುರ ಭೂಮಧ್ಯರೇಖೆಯ ಪಕ್ಕದಲ್ಲೇ ಇದೆ. ಅಲ್ಲಿ ಚಳಿಗಾಲ ಬೇಸಿಗೆ ಎಂಬ ಭೇದವಿಲ್ಲ, ವರ್ಷವಿಡೀ ಮಂಗಳೂರಿನ ಸೆಕೆ. ಮಳೆ ಯಾವಾಗ ಬೇಕಾದರೂ ಬರಬಹುದು. ನವೆಂಬರ್‌ನಿಂದ ಜನವರಿಯವರೆಗೆ ಸ್ವಲ್ಪ ಜಾಸ್ತಿ. ಆದ್ದರಿಂದ ಮಕ್ಕಳ ರಜೆ ನೋಡಿಕೊಂಡು ದಿನ ಗೊತ್ತುಮಾಡಿದರೆ ಸಾಕು.

ಒಂದೇ ಪ್ರವಾಸದಲ್ಲಿ ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್ ಮೂರನ್ನೂ ಮುಗಿಸುವ ಪ್ಯಾಕೇಜ್‌ಗಳ ಜಾಹೀರಾತು ದಿನಪತ್ರಿಕೆಯಲ್ಲಿ ಬರುತ್ತದಲ್ಲ, ಮೊದಲ ಸಲಕ್ಕೆ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿ ನೀವು ಹೆಚ್ಚು ನೋಡುವುದು ಬಸ್ಸಿನ ಒಳಭಾಗವನ್ನು. ಒಂದೇ ಊರು, ಒಂದೇ ಹೋಟೆಲ್, ನಾಲ್ಕೈದು ದಿನ, ಇಷ್ಟೇ ಇರಲಿ. ವಯಸ್ಸಾದವರಿದ್ದು ಪ್ಯಾಕೇಜೇ ವಾಸಿ ಅನ್ನಿಸಿದರೆ, ಬೆಲೆಯಲ್ಲಿ ಏನೇನು ಸೇರಿಲ್ಲ ಎಂಬ ಪಟ್ಟಿಯನ್ನು ಮೊದಲು ಓದಿ. ವೀಸಾ ಶುಲ್ಕ, ರಾತ್ರಿ ಊಟ, ಪ್ರವೇಶ ಟಿಕೆಟ್‌ಗಳು ಅಡಗಿ ಕೂತಿರುವುದು ಅಲ್ಲೇ.

ವಿಮಾನದ ಸಮಯವನ್ನು ಎರಡು ಸಲ ಓದಿ. ಟಿಕೆಟ್‌ನಲ್ಲಿ 12ನೇ ತಾರೀಖು 00:40 ಎಂದಿದ್ದರೆ ನೀವು ಮನೆ ಬಿಡಬೇಕಾದ್ದು 11ರ ಸಂಜೆ. 12ರ ರಾತ್ರಿ ಊಟ ಮುಗಿಸಿ ಹೊರಟರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ, ಟಿಕೆಟ್‌ನಲ್ಲಿ ಇಳಿಯುವ ಸಮಯ ಅಲ್ಲಿನದು. ರಾತ್ರಿಯ ವಿಮಾನ ಹತ್ತಿದರೆ ಬೆಳಿಗ್ಗೆ ಮುಟ್ಟುತ್ತೀರಿ. ಹೋಟೆಲಿನವರು ಕೋಣೆ ಕೊಡುವುದು ಮಧ್ಯಾಹ್ನ ಎರಡು ಮೂರರ ಮೇಲೆ. ಲಗೇಜನ್ನು ಅವರ ಬಳಿ ಬಿಟ್ಟು ತಿರುಗಾಡಬಹುದು. ಆದರೆ ನಿದ್ದೆಗೆಟ್ಟ ಅಜ್ಜಿ ತಾತ ಜೊತೆಗಿದ್ದರೆ ಹಗಲಿನ ವಿಮಾನವೇ ಒಳ್ಳೆಯದು.

ವೀಸಾ ಕೈಗೆ ಬರುವವರೆಗೆ ಹೋಟೆಲನ್ನು ಹಣ ಕಡಿತವಿಲ್ಲದೆ ರದ್ದು ಮಾಡಬಹುದಾದ ದರದಲ್ಲೇ ಕಾಯ್ದಿರಿಸಿ.

ಹಂತ 4: ವೀಸಾ

ಭಾರತೀಯರಿಗೆ ಸಿಂಗಪುರದ ವೀಸಾ ಬೇಕೇ ಬೇಕು. ಸಿಂಗಪುರ ಸರ್ಕಾರ ಮಾನ್ಯ ಮಾಡಿದ ಏಜೆಂಟರ ಮೂಲಕ ಅರ್ಜಿ ಹಾಕುತ್ತೀರಿ. ಸರ್ಕಾರದ ಶುಲ್ಕ 30 ಸಿಂಗಪುರ ಡಾಲರ್, ವೀಸಾ ಸಿಗದಿದ್ದರೂ ವಾಪಸು ಬರುವುದಿಲ್ಲ. ಏಜೆಂಟರ ಸೇವಾ ಶುಲ್ಕ ಬೇರೆ. ಅರ್ಜಿ ನಮೂನೆ, ಪಾಸ್‌ಪೋರ್ಟ್ ಪ್ರತಿ, ಬಿಳಿ ಹಿನ್ನೆಲೆಯ ಹೊಸ ಫೋಟೊ, ಟಿಕೆಟ್, ಹೋಟೆಲ್ ವಿವರ, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಫೋಟೊ ಅಳತೆ 35 ಗುಣಿಸು 45 ಮಿಲಿಮೀಟರ್ ಎಂದು ಸ್ಟುಡಿಯೊದವರಿಗೆ ಹೇಳಿ. ಸುಮ್ಮನೆ ಪಾಸ್‌ಪೋರ್ಟ್ ಸೈಜು ಎಂದರೆ ಅವರು ತಮ್ಮ ರೂಢಿಯದನ್ನೇ ಕತ್ತರಿಸಿ ಕೊಡುತ್ತಾರೆ.

ವೀಸಾ ಬರುವುದು ಇ–ಮೇಲ್‌ನಲ್ಲಿ, ಒಂದು ಹಾಳೆ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಒಂದೇ ಪ್ರವೇಶವೋ ಹಲವು ಪ್ರವೇಶವೋ, ಇಷ್ಟನ್ನೂ ಪರಿಶೀಲಿಸಿ ಎರಡು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಬಸ್ ಹತ್ತಿ ಮಲೇಷ್ಯಾದ ಜೊಹೊರ್ ಬಾರುಗೆ ಹೋಗಿ ಬರುವ ಆಸೆ ಇದ್ದರೆ ಹಲವು ಪ್ರವೇಶದ ವೀಸಾ ಇರಬೇಕು. ವೀಸಾದ ಮೇಲಿನ ಕೊನೆಯ ದಿನಾಂಕ ನೋಡಿ ಅಲ್ಲಿಯವರೆಗೂ ಇರಬಹುದು ಎಂದುಕೊಳ್ಳಬೇಡಿ. ಎಷ್ಟು ದಿನ ಇರಬಹುದು ಎಂಬುದು ಅಲ್ಲಿ ಇಳಿದ ಮೇಲೆ ತೀರ್ಮಾನವಾಗುತ್ತದೆ.

ಹಂತ 5: ದುಡ್ಡು

ಎಲ್ಲ ಹಣವನ್ನೂ ನೋಟಿನಲ್ಲಿ ಒಯ್ಯುವುದು ಬೇಡ, ಎಲ್ಲವನ್ನೂ ಕಾರ್ಡಿನಲ್ಲೇ ಇಡುವುದೂ ಬೇಡ. ಬ್ಯಾಂಕಿನಲ್ಲೋ ಮಾನ್ಯತೆ ಪಡೆದ ವಿನಿಮಯ ಕೇಂದ್ರದಲ್ಲೋ ಒಂದು ಫಾರೆಕ್ಸ್ ಕಾರ್ಡ್ ಮಾಡಿಸಿ ಅದಕ್ಕೆ ಸಿಂಗಪುರ ಡಾಲರ್ ತುಂಬಿಸಿ, ಮೊದಲೆರಡು ದಿನಕ್ಕೆ ಸಾಕಾಗುವಷ್ಟು ಸಣ್ಣ ನೋಟು ಇಟ್ಟುಕೊಳ್ಳಿ. ಪ್ಯಾನ್ ಬೇಕಾಗುತ್ತದೆ. ವಿಮಾನ ನಿಲ್ದಾಣದ ಒಳಗಿನ ಕೌಂಟರುಗಳಲ್ಲಿ ದರ ದುಬಾರಿ, ಅಲ್ಲಿಯವರೆಗೆ ಕಾಯಬೇಡಿ.

ನಿಮ್ಮ ಮಾಮೂಲಿ ಡೆಬಿಟ್, ಕ್ರೆಡಿಟ್ ಕಾರ್ಡುಗಳು ಹೊರದೇಶದಲ್ಲಿ ತಾವಾಗಿ ಕೆಲಸ ಮಾಡುವುದಿಲ್ಲ. 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದಂತೆ, ಹೊಸ ಕಾರ್ಡ್ ಬರುವುದು ದೇಶದೊಳಗಿನ ಬಳಕೆಗೆ ಮಾತ್ರ. ಬ್ಯಾಂಕಿನ ಆ್ಯಪ್‌ಗೆ ಹೋಗಿ ‘ಅಂತರರಾಷ್ಟ್ರೀಯ ಬಳಕೆ’ ಎಂಬ ಗುಂಡಿಯನ್ನು ನೀವೇ ಒತ್ತಬೇಕು. ಜೊತೆಗೆ ಮುಟ್ಟಿಸಿ ಪಾವತಿಸುವ ಸೌಲಭ್ಯವನ್ನೂ ಆನ್ ಮಾಡಿ. ಅಲ್ಲಿ ಮೆಟ್ರೊ ಹತ್ತಲು ಅದೇ ಬೇಕು.

ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗ ಯಂತ್ರ ಕೆಲವೊಮ್ಮೆ ‘ರೂಪಾಯಿಯಲ್ಲಿ ಕೊಡುತ್ತೀರೋ ಡಾಲರ್‌ನಲ್ಲೋ’ ಎಂದು ಕೇಳುತ್ತದೆ. ಪರಿಚಿತ ರೂಪಾಯಿ ಕಂಡ ಖುಷಿಗೆ ಅದನ್ನೇ ಒತ್ತಬೇಡಿ. ಆ ಲೆಕ್ಕದಲ್ಲಿ ದರ ಅವರಿಷ್ಟದ್ದು. ಡಾಲರ್ ಎಂದೇ ಒತ್ತಿ.

ಪ್ಯಾಕೇಜ್ ಕೊಂಡಾಗ ಟಿಸಿಎಸ್ ಎಂಬ ಹೆಸರಿನಲ್ಲಿ ಒಂದಷ್ಟು ಹಣ ಹಿಡಿಯುತ್ತಾರೆ. ಅದು ಏಜೆಂಟರ ಲಾಭವಲ್ಲ, ನಿಮ್ಮ ಪ್ಯಾನ್ ಹೆಸರಿನಲ್ಲಿ ಕಟ್ಟುವ ಮುಂಗಡ ತೆರಿಗೆ. ರಸೀದಿ ಇಟ್ಟುಕೊಳ್ಳಿ.

ಹಂತ 6: ವಿಮೆ ಮತ್ತು ಔಷಧಿ

ಪ್ರವಾಸ ವಿಮೆ ಮಾಡಿಸಿ, ಚೌಕಾಶಿ ಬೇಡ. ಸಿಂಗಪುರದ ಆಸ್ಪತ್ರೆ ಬಿಲ್ ನಮ್ಮ ಜೇಬು ತಡೆಯುವಂಥದ್ದಲ್ಲ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಮುಚ್ಚಿಡದೆ ಬರೆಯಿರಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸಲು ಅದೇ ಕಾರಣವಾಗುತ್ತದೆ.

ದಿನವೂ ತೆಗೆದುಕೊಳ್ಳುವ ಮಾತ್ರೆಗಳನ್ನು ಸ್ಟ್ರಿಪ್ ಸಮೇತ, ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲಿ ಇಡಿ. ಬಿಡಿಸಿ ಡಬ್ಬಿಗೆ ಹಾಕಿಕೊಂಡು ಹೋಗಬೇಡಿ. ನಿದ್ದೆಗೆ, ಆತಂಕಕ್ಕೆ ಕೊಡುವ ಅಲ್ಪ್ರಜೋಲಾಮ್ ಥರದ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್ ನೋವಿನ ಮಾತ್ರೆ ಇವುಗಳಿಗೆ ಅಲ್ಲಿನ ಆರೋಗ್ಯ ಪ್ರಾಧಿಕಾರದ ಮುಂಗಡ ಅನುಮತಿ ಬೇಕಾಗುತ್ತದೆ. ಡಾಕ್ಟರನ್ನು ಕೇಳಿ ಬದಲಿ ಮಾತ್ರೆ ಇದ್ದರೆ ಅದನ್ನೇ ಬರೆಸಿಕೊಳ್ಳುವುದು ಸುಲಭ.

ಹಂತ 7: ಫೋನ್

ಅಲ್ಲಿನ ಇ–ಸಿಮ್ ಆಗಲಿ, ನಿಮ್ಮ ಕಂಪನಿಯ ರೋಮಿಂಗ್ ಪ್ಯಾಕ್ ಆಗಲಿ, ಬೆಲೆ ನೋಡಿ ಯಾವುದಾದರೂ ಆಗಬಹುದು. ಆದರೆ ಇಲ್ಲಿನ ಸಿಮ್ಮನ್ನು ಕಿತ್ತು ಪರ್ಸಿಗೆ ಹಾಕಿಕೊಳ್ಳಬೇಡಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಹೊರಡುವ ಮುಂಚೆ ಅದಕ್ಕೆ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ಡೇಟಾ ರೋಮಿಂಗ್ ಮಾತ್ರ ಆಫ್ ಮಾಡಿಡಿ. ಸಿಂಗಪುರದ ಪ್ಲಗ್ಗಿಗೆ ಚೌಕದ ಮೂರು ಕಾಲು, ನಮ್ಮ ಗುಂಡು ಪಿನ್ನುಗಳಿಗೆ ಹೊಂದುವುದಿಲ್ಲ. ಅಡಾಪ್ಟರ್ ಇಲ್ಲೇ ಕೊಂಡರೆ ಅಗ್ಗ.

ಹಂತ 8: ಪೆಟ್ಟಿಗೆ ಕಟ್ಟುವುದು

ಬಟ್ಟೆಯ ಬಗ್ಗೆ ಹೇಳುವುದೇನಿಲ್ಲ. ಹತ್ತಿಯವು, ತೆಳುವಾದವು, ಒಂದು ಕೊಡೆ, ನಡೆದಾಡಿ ಪಳಗಿದ ಚಪ್ಪಲಿ ಅಥವಾ ಶೂ. ಜಟಾಪಟಿ ಇರುವುದು ತಿಂಡಿಯ ಡಬ್ಬಗಳಲ್ಲಿ.

ನಮ್ಮ ಮನೆಗಳಲ್ಲಿ ಹೊರದೇಶಕ್ಕೆ ಹೊರಟವರ ಪೆಟ್ಟಿಗೆಗೆ ಚಟ್ನಿಪುಡಿ, ಕೋಡುಬಳೆ, ಹುಳಿ ಅವಲಕ್ಕಿ ಗೊಜ್ಜು, ಬಿಸಿಬೇಳೆ ಬಾತ್ ಪುಡಿ ಬೀಳದೆ ಇರುವುದಿಲ್ಲ. ಅದರಲ್ಲಿ ಮೊದಲು ಹುಡುಕಬೇಕಾದ್ದು ಗಸಗಸೆಯನ್ನು. ಸಿಂಗಪುರಕ್ಕೆ ಗಸಗಸೆ ಒಯ್ಯುವಂತಿಲ್ಲ. ಅದು ಅಫೀಮಿನ ಗಿಡದ ಬೀಜ. ಅದರಲ್ಲಿ ಮಾರ್ಫಿನ್ ಅಂಶ ಉಳಿದಿರಬಹುದು ಎಂಬ ಕಾರಣಕ್ಕೆ ಅಲ್ಲಿನ ಮಾದಕವಸ್ತು ನಿಗ್ರಹ ದಳ ಅದನ್ನು ನಿಷೇಧಿತ ವಸ್ತು ಎಂದೇ ಎಣಿಸುತ್ತದೆ. ಮಾದಕವಸ್ತುವಿನ ವಿಷಯದಲ್ಲಿ ಆ ದೇಶದ ಕಾನೂನು ಎಷ್ಟು ಬಿಗಿ ಎಂಬುದು ಲೋಕಕ್ಕೆಲ್ಲ ಗೊತ್ತು. ದುಬೈಯಲ್ಲೂ ಇದೇ ಕಥೆ, ಅಲ್ಲಿ ಗಸಗಸೆಯ ಜೊತೆ ವೀಳ್ಯದೆಲೆಗೂ ನಿಷೇಧ. ಪಾಯಸಕ್ಕೆಂದು ಗಸಗಸೆ ಕಟ್ಟಿಕೊಳ್ಳುವವರು ಕಡಿಮೆ ಇರಬಹುದು. ಆದರೆ ಸಾಗುವಿಗೆ, ಬಿಸಿಬೇಳೆ ಬಾತಿಗೆ ಮನೆಯಲ್ಲಿ ಮಾಡುವ ಮಸಾಲೆ ಪುಡಿಯಲ್ಲಿ ಅದು ಸೇರಿರುತ್ತದೆ. ಪುಡಿ ಹುರಿದು ಮಾಡಿದ್ದು ಅಮ್ಮನೋ ಅತ್ತೆಯೋ, ಅವರನ್ನೇ ಕೇಳಿ. ಅಂಗಡಿಯ ಪೊಟ್ಟಣವಾದರೆ ಹಿಂಬದಿಯ ಸಣ್ಣಕ್ಷರ ಓದಿ.

ಎರಡನೆಯದು ಕೊಬ್ಬರಿ. ತಿಪಟೂರಿನ ಕಡೆಯವರು ನೆಂಟರಿಗೆಂದು ಒಂದೆರಡು ಗಿಟುಕು ಹಾಕಿಕೊಳ್ಳುತ್ತಾರೆ. ಇಡೀ ಒಣ ಕೊಬ್ಬರಿಗೆ ವಿಮಾನದಲ್ಲಿ ಪ್ರವೇಶವಿಲ್ಲ. ಎಣ್ಣೆಯಂಶ ಹೆಚ್ಚಿರುವುದರಿಂದ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದೂ ಇದೆ. ಎಕ್ಸ್‌ರೇ ಯಂತ್ರದಲ್ಲಿ ಗುಂಡಗೆ ಕಂಡ ಕೂಡಲೇ ಪೆಟ್ಟಿಗೆಯನ್ನು ಪಕ್ಕಕ್ಕೆ ಎಳೆಯುತ್ತಾರೆ.

ಉಪ್ಪಿನಕಾಯಿ, ತುಪ್ಪ, ಗೊಜ್ಜು ಇವೆಲ್ಲ ದೊಡ್ಡ ಪೆಟ್ಟಿಗೆಗೆ. ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಕವರಿನೊಳಗೆ ಇಡಿ. ಕೈಚೀಲದಲ್ಲಿ ದ್ರವವೋ ಲೇಹ್ಯವೋ ಆದದ್ದು 100 ಮಿಲಿಲೀಟರ್‌ಗಿಂತ ದೊಡ್ಡ ಬಾಟಲಿಯಲ್ಲಿ ಇರುವಂತಿಲ್ಲ. ಅರ್ಧ ತುಂಬಿದ 200ರ ಬಾಟಲಿಯೂ ಆಗದು. ಪವರ್ ಬ್ಯಾಂಕ್ ಇದಕ್ಕೆ ತಿರುಗು ಮುರುಗು: ಅದು ಕೈಚೀಲದಲ್ಲೇ ಇರಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಇಡುವಂತಿಲ್ಲ.

ಚ್ಯೂಯಿಂಗ್ ಗಮ್, ಗುಟ್ಕಾ, ಜರ್ದಾ, ಇ–ಸಿಗರೇಟು ಇಲ್ಲೇ ಬಿಟ್ಟು ಹೋಗಿ. ಸಿಗರೇಟಿಗೆ ಅಲ್ಲಿ ಸುಂಕ ವಿನಾಯಿತಿಯೇ ಇಲ್ಲ, ಒಂದು ಪ್ಯಾಕ್ ಒಯ್ದರೂ ಘೋಷಿಸಬೇಕು.

ಮೈಮೇಲೆ ಹೆಚ್ಚು ಚಿನ್ನ ಹಾಕಿಕೊಂಡು ಹೋಗುವುದು ಬೇಡ. ಹೋಗಲೇಬೇಕು ಎಂದಾದರೆ, ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ವಾಪಸು ಬರುವಾಗ ‘ಇದು ನಮ್ಮದೇ ಬಳೆ’ ಎಂದು ಸಾಬೀತು ಮಾಡುವ ಭಾರ ನಿಮ್ಮ ಮೇಲೆ.

ಹಂತ 9: ಅರೈವಲ್ ಕಾರ್ಡ್

ವೀಸಾ ಇದ್ದರೂ ಎಸ್‌ಜಿ ಅರೈವಲ್ ಕಾರ್ಡ್ ಎಂಬ ಇನ್ನೊಂದು ಆನ್‌ಲೈನ್ ಫಾರಂ ತುಂಬಬೇಕು. ಇಳಿಯುವ ಮುಂಚೆಯೇ, ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ, ಸಿಂಗಪುರದ ವಲಸೆ ಇಲಾಖೆಯ ಜಾಲತಾಣದಲ್ಲಿ, ಪುಕ್ಕಟೆ. ಗೂಗಲ್‌ನಲ್ಲಿ ಹುಡುಕಿದರೆ ಇದಕ್ಕೆ ಹಣ ಕೇಳುವ ಜಾಲತಾಣಗಳು ಮೇಲೆ ಮೇಲೆ ಬಂದು ನಿಲ್ಲುತ್ತವೆ. ಕಾರ್ಡ್ ಸಂಖ್ಯೆ ಕೇಳಿದರೆ ಅದು ಸರ್ಕಾರದ್ದಲ್ಲ ಎಂದು ತಿಳಿದು ಹೊರಗೆ ಬನ್ನಿ.

ಹಂತ 10: ದೇವನಹಳ್ಳಿಯಲ್ಲಿ

2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಹೊರಡುವುದು ಎರಡನೇ ಟರ್ಮಿನಲ್‌ನಿಂದ. ಟ್ಯಾಕ್ಸಿಯವರಿಗೆ ಅದನ್ನು ಮೊದಲೇ ಹೇಳಿ. ಮೈಸೂರಿನಿಂದ ಬರುವವರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ವಿಮಾನ ನಿಲ್ದಾಣಕ್ಕೇ ತಂದು ಬಿಡುತ್ತದೆ. ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು. ಹೆಬ್ಬಾಳದ ಟ್ರಾಫಿಕ್ ಮೇಲೆ ಭರವಸೆ ಇಡಬೇಡಿ.

ಒಳಗೆ ಕ್ರಮ ಹೀಗೆ: ಬಾಗಿಲಲ್ಲಿ ಟಿಕೆಟ್ ಮತ್ತು ಪಾಸ್‌ಪೋರ್ಟ್, ಏರ್‌ಲೈನ್ಸ್ ಕೌಂಟರಿನಲ್ಲಿ ಪೆಟ್ಟಿಗೆ ಕೊಟ್ಟು ಬೋರ್ಡಿಂಗ್ ಪಾಸ್, ಇಮಿಗ್ರೇಷನ್, ಭದ್ರತಾ ತಪಾಸಣೆ, ಗೇಟು. ಪೆಟ್ಟಿಗೆಯ ತೂಕವನ್ನು ಮನೆಯಲ್ಲೇ ನೋಡಿಕೊಳ್ಳಿ. ಕೌಂಟರಿನ ಮುಂದೆ ಪೆಟ್ಟಿಗೆ ಬಿಚ್ಚಿ, ಚಕ್ಕುಲಿ ಡಬ್ಬ ಕೈಯಲ್ಲಿ ಹಿಡಿದು, ಮಗನ ಜರ್ಕಿನ್ ಜೇಬಿಗೆ ಚಟ್ನಿಪುಡಿ ತುರುಕುವ ಕುಟುಂಬಗಳು ಪ್ರತಿ ರಾತ್ರಿ ಅಲ್ಲಿ ಕಾಣಸಿಗುತ್ತವೆ. ಹಿಂದೆ ಸಾಲಿನಲ್ಲಿ ನಿಂತವರು ಗಡಿಯಾರ ನೋಡುತ್ತಿರುತ್ತಾರೆ.

ಇಮಿಗ್ರೇಷನ್ ಅಧಿಕಾರಿ ಎಲ್ಲಿಗೆ, ಎಷ್ಟು ದಿನ, ಯಾರ ಜೊತೆ ಎಂದು ಕೇಳಬಹುದು. ಕೇಳಿದಷ್ಟಕ್ಕೆ ಉತ್ತರ ಸಾಕು. ಕೆಲವೊಮ್ಮೆ ಕನ್ನಡದಲ್ಲೇ ಕೇಳುತ್ತಾರೆ. ವಾಪಸು ಟಿಕೆಟ್ ಮತ್ತು ಹೋಟೆಲ್ ಕಾಗದ ಕೈಗೆ ಸಿಗುವಂತಿರಲಿ. ತಮಾಷೆಗೂ ‘ಅಲ್ಲೇ ಒಂದು ಕೆಲಸ ಸಿಕ್ಕರೆ ನೋಡೋಣ’ ಎನ್ನಬೇಡಿ, ನಿಮ್ಮದು ಪ್ರವಾಸಿ ವೀಸಾ.

ಹಂತ 11: ಚಾಂಗಿಯಲ್ಲಿ ಇಳಿದ ಮೇಲೆ

ಚಾಂಗಿ ಎಂದರೆ ಸಿಂಗಪುರದ ವಿಮಾನ ನಿಲ್ದಾಣ. ಇಲ್ಲಿ ಹೆಚ್ಚಿನವರಿಗೆ ಅಧಿಕಾರಿಯ ಮುಖ ನೋಡುವ ಪ್ರಸಂಗವೇ ಬರುವುದಿಲ್ಲ. ಪಾಸ್‌ಪೋರ್ಟಿನ ಫೋಟೊ ಪುಟವನ್ನು ಯಂತ್ರದ ಗಾಜಿನ ಮೇಲೆ ಒತ್ತಿ ಹಿಡಿಯಿರಿ, ಗೇಟು ತೆರೆಯುತ್ತದೆ. ಒಳಗೆ ಹೋಗಿ ಕ್ಯಾಮೆರಾ ನೋಡಿ, ಎರಡನೇ ಗೇಟು ತೆರೆಯುತ್ತದೆ. ಮುಗಿಯಿತು. ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದಿಲ್ಲ. ಎಷ್ಟು ದಿನ ಇರಬಹುದು ಎಂಬ ಇ–ಪಾಸ್ ನಿಮ್ಮ ಇ–ಮೇಲ್‌ಗೆ ಬರುತ್ತದೆ, ಅದನ್ನು ತೆರೆದು ದಿನಾಂಕ ನೋಡಿ. ಗೇಟು ತೆರೆಯದಿದ್ದರೆ ಪಕ್ಕದಲ್ಲೇ ಸಿಬ್ಬಂದಿ ಇರುತ್ತಾರೆ, ಕೌಂಟರಿಗೆ ಕಳಿಸುತ್ತಾರೆ.

ಫೋನಿನಲ್ಲಿ ಎರಡು ಸಂಖ್ಯೆ ಬರೆದಿಟ್ಟುಕೊಳ್ಳಿ: ಪೊಲೀಸರಿಗೆ 999, ಆಂಬುಲೆನ್ಸ್‌ಗೆ 995. ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ದೂರು ಕೊಟ್ಟು ಗ್ರೇಂಜ್ ರಸ್ತೆಯ ಭಾರತೀಯ ಹೈಕಮಿಷನ್‌ಗೆ ಹೋಗಬೇಕು. ಆಗ ಕೆಲಸ ಬೇಗ ಆಗಬೇಕಾದರೆ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಪ್ರತಿ ಬೇರೆ ಚೀಲದಲ್ಲಿ ಇದ್ದಿರಬೇಕು.

ಹಂತ 12: ಓಡಾಟ, ಊಟ

ಎಂಆರ್‌ಟಿ ಎಂಬ ಮೆಟ್ರೊ ರೈಲು, ಬಸ್ಸು ಎರಡಕ್ಕೂ ಟಿಕೆಟ್ ಕೊಳ್ಳಬೇಕಿಲ್ಲ. ಬ್ಯಾಂಕಿನ ಕಾರ್ಡನ್ನೇ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಮುಟ್ಟಿಸಿದರೆ ಆಯಿತು. ಆದರೆ ಒಂದು ಕಾರ್ಡಿಗೆ ಒಬ್ಬರೇ. ಗಂಡನ ಕಾರ್ಡಿನಲ್ಲೇ ಹೆಂಡತಿ ಮಕ್ಕಳೆಲ್ಲ ಹೋಗಲು ಬರುವುದಿಲ್ಲ. ಹತ್ತುವಾಗ ಮುಟ್ಟಿಸಿದ ಕಾರ್ಡನ್ನೇ ಇಳಿಯುವಾಗಲೂ ಮುಟ್ಟಿಸಬೇಕು. ರೈಲಿನಲ್ಲಿ ತಿನ್ನುವ ಕುಡಿಯುವ ಹಾಗಿಲ್ಲ, ನೀರೂ ಸೇರಿ. ಅಲ್ಲಿನ ಫಲಕದಲ್ಲಿ ಪ್ರತಿ ತಪ್ಪಿಗೂ ದಂಡದ ಮೊತ್ತ ಬರೆದಿರುತ್ತದೆ. ಮುಳ್ಳು ಮೈಯ ಡುರಿಯನ್ ಹಣ್ಣಿನ ಚಿತ್ರದ ಮುಂದೆ ಮಾತ್ರ ಮೊತ್ತವಿಲ್ಲ, ಬರೀ ಬೇಡ ಎಂದಿದೆ. ಅದರ ವಾಸನೆ ಒಮ್ಮೆ ಕುಡಿದವರಿಗೆ ಕಾರಣ ಹೇಳಬೇಕಿಲ್ಲ.

ಊಟಕ್ಕೆ ಹಾಕರ್ ಸೆಂಟರುಗಳಿಗೆ ಹೋಗಿ. ಒಂದೇ ಚಾವಣಿಯ ಕೆಳಗೆ ಹತ್ತಾರು ಪುಟ್ಟ ಅಂಗಡಿ, ನಡುವೆ ಮೇಜುಗಳು. ಈ ಹಾಕರ್ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಮೇಜು ಖಾಲಿ ಇದೆ ಎಂದು ಕೂರುವ ಮುಂಚೆ ಅದರ ಮೇಲೆ ಟಿಶ್ಯೂ ಕಾಗದದ ಪುಟ್ಟ ಪೊಟ್ಟಣವೋ ಮಡಿಸಿದ ಕೊಡೆಯೋ ಇದೆಯೇ ನೋಡಿ. ನಮ್ಮಲ್ಲಿ ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಅದೇ ಲೆಕ್ಕ. ಮೇಜಿನವರು ಸಾಲಿನಲ್ಲಿ ನಿಂತಿರುತ್ತಾರೆ. ನೀವೂ ಹಾಗೇ ಹಿಡಿಯಬಹುದು. ಉಂಡ ಮೇಲೆ ತಟ್ಟೆಯನ್ನು ನೀವೇ ಎತ್ತಿ, ಗೊತ್ತುಮಾಡಿದ ಜಾಗದಲ್ಲಿ ಇಡಬೇಕು. ಬಿಟ್ಟು ಎದ್ದರೆ ಎಚ್ಚರಿಕೆ, ಮತ್ತೂ ಬಿಟ್ಟರೆ ದಂಡ.

ಸಸ್ಯಾಹಾರಿಗಳು ಬರೀ ವೆಜ್ ಎಂದು ಹೇಳಿ ಸುಮ್ಮನಾಗಬೇಡಿ. ತರಕಾರಿ ನೂಡಲ್ಸ್‌ನಲ್ಲೂ ಒಣ ಸಿಗಡಿಯ ಪೇಸ್ಟ್, ಮೀನಿನ ಸಾಸ್ ಇರುತ್ತದೆ. ಮಾಂಸ, ಮೀನು, ಸಿಗಡಿ, ಮೊಟ್ಟೆ ನಾಲ್ಕನ್ನೂ ಹೆಸರು ಹೇಳಿ ಬೇಡ ಅನ್ನಿ. ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳು ಸಿಕ್ಕರೆ ಧೈರ್ಯವಾಗಿ ಹೋಗಿ, ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಅಡುಗೆ ಸಿಗುತ್ತದೆ. ಎರಡು ದಿನ ಕಳೆದ ಮೇಲೆ ಅನ್ನ ಸಾರು ನೆನಪಾದರೆ ಲಿಟ್ಲ್ ಇಂಡಿಯಾದ ಸೆರಂಗೂನ್ ರಸ್ತೆ ಇದೆ. 1947ರಲ್ಲಿ ಶುರುವಾದ ಕೋಮಲ ವಿಲಾಸ್‌ನಲ್ಲಿ ದೋಸೆ, ಬಾಳೆಲೆಯ ಊಟ, ಫಿಲ್ಟರ್ ಕಾಫಿ ಸಿಗುತ್ತದೆ. ತಮಿಳು ಬಂದರೆ ಆ ರಸ್ತೆಯಲ್ಲಿ ಇಂಗ್ಲಿಷ್ ಬೇಕಾಗುವುದೇ ಇಲ್ಲ. ಮಾಮೂಲಿ ರೆಸ್ಟೋರೆಂಟುಗಳ ಬೆಲೆಪಟ್ಟಿಯಲ್ಲಿ ಬೆಲೆಯ ಮುಂದೆ ++ ಎಂದಿದ್ದರೆ, ಬಿಲ್ಲಿಗೆ ಶೇ 10 ಸೇವಾ ಶುಲ್ಕ ಮತ್ತು ಶೇ 9 ಜಿಎಸ್‌ಟಿ ಸೇರುತ್ತದೆ ಎಂದರ್ಥ. ಟಿಪ್ಸ್ ಕೊಡುವ ರೂಢಿ ಇಲ್ಲ.

ನೋಡುವ ಜಾಗಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಪುಕ್ಕಟೆಯವನ್ನಷ್ಟೇ ಹೇಳುತ್ತೇನೆ. ಗಾರ್ಡನ್ಸ್ ಬೈ ದ ಬೇಯ ಕೃತಕ ಮರಗಳ ಕೆಳಗೆ ರಾತ್ರಿ 7:45ಕ್ಕೂ 8:45ಕ್ಕೂ ಬೆಳಕಿನ ಆಟ ನಡೆಯುತ್ತದೆ. ನೆಲದ ಮೇಲೆ ಮಲಗಿ ನೋಡುವವರೇ ಹೆಚ್ಚು, ನೀವೂ ಒಂದು ಟವೆಲ್ ಒಯ್ಯಿರಿ. 1859ರಲ್ಲಿ ಶುರುವಾದ ಬೊಟಾನಿಕ್ ಗಾರ್ಡನ್ಸ್, ಆ ದೇಶದ ಮೊದಲ ವಿಶ್ವ ಪರಂಪರೆಯ ತಾಣ, ಬೆಳಿಗ್ಗೆ ಹೋದರೆ ಚೆಂದ. ಲಾಲ್‌ಬಾಗಿನಲ್ಲಿ ನಡೆದು ರೂಢಿಯಾದವರಿಗೆ ಅಲ್ಲಿಂದ ಬೇಗ ಏಳಲು ಮನಸ್ಸಾಗುವುದಿಲ್ಲ. ದಿನಕ್ಕೆ ಎರಡು ಜಾಗ ಸಾಕು. ಆ ಸೆಕೆಯಲ್ಲಿ ಮೂರನೆಯದಕ್ಕೆ ಹೋದವರು ಅಲ್ಲಿ ಬೆಂಚು ಹುಡುಕುತ್ತಾರೆ, ಅಷ್ಟೆ.

ಹಂತ 13: ವಾಪಸು

ಅಂಗಡಿಯಲ್ಲಿ 100 ಸಿಂಗಪುರ ಡಾಲರ್ ಮೀರಿದ ಖರೀದಿ ಮಾಡಿದ್ದರೆ ಅದರ ಜಿಎಸ್‌ಟಿ ಮರಳಿ ಸಿಗುತ್ತದೆ. ಆದರೆ ಅಂಗಡಿಯವರು ಈ ಯೋಜನೆಯಲ್ಲಿ ಇರಬೇಕು, ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿರಬೇಕು. ಚಾಂಗಿಯಲ್ಲಿ ಅದಕ್ಕೆಂದೇ ಯಂತ್ರಗಳಿವೆ. ಪೆಟ್ಟಿಗೆಯನ್ನು ಕೌಂಟರಿಗೆ ಕೊಡುವ ಮುಂಚೆಯೇ ಅಲ್ಲಿಗೆ ಹೋಗಿ, ಏಕೆಂದರೆ ಕೆಲವರಿಗೆ ಕೊಂಡ ವಸ್ತುವನ್ನು ತೋರಿಸಿ ಎನ್ನುತ್ತಾರೆ.

ಬೆಂಗಳೂರಿನಲ್ಲಿ ಇಳಿದಾಗ ಸುಂಕದ ವಸ್ತು ಏನೂ ಇಲ್ಲದವರು ಹಸಿರು ದಾರಿ ಹಿಡಿಯಬೇಕು, ಇರುವವರು ಕೆಂಪು. ‘ಹೊರದೇಶದಿಂದ ಬರುವವರು ಇಷ್ಟು ಗ್ರಾಂ ಚಿನ್ನ ತರಬಹುದಂತೆ’ ಎಂದು ಯಾರೋ ಹೇಳಿದ್ದನ್ನು ನಂಬಿ ಅಲ್ಲಿ ಸರ ಕೊಳ್ಳಬೇಡಿ. ಆ ರಿಯಾಯಿತಿ ಇರುವುದು ಒಂದು ವರ್ಷಕ್ಕೂ ಹೆಚ್ಚು ಕಾಲ ಹೊರಗೆ ವಾಸವಿದ್ದು ಬರುವವರಿಗೆ, ವಾರದ ಪ್ರವಾಸಿಗರಿಗಲ್ಲ.

ಮನೆಗೆ ಬಂದು ಪೆಟ್ಟಿಗೆ ಬಿಚ್ಚುವ ಮೊದಲು ಬ್ಯಾಂಕಿನ ಆ್ಯಪ್ ತೆರೆದು ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯ ಗುಂಡಿಯನ್ನು ಮತ್ತೆ ಆಫ್ ಮಾಡಿ. ಫಾರೆಕ್ಸ್ ಕಾರ್ಡಿನಲ್ಲಿ ಹಣ ಉಳಿದಿದ್ದರೆ ಕೊಟ್ಟ ಕಡೆಯೇ ಹಿಂದಿರುಗಿಸಿ ರೂಪಾಯಿ ಪಡೆಯಿರಿ. ಪ್ಯಾಕೇಜಿನಲ್ಲಿ ಹಿಡಿದ ಟಿಸಿಎಸ್ ನಿಮ್ಮ 26ಎಎಸ್ ಪಟ್ಟಿಯಲ್ಲಿ ಕಾಣಿಸುತ್ತದೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಅದನ್ನು ತೋರಿಸಿದರೆ ತೆರಿಗೆಗೆ ವಜಾ ಆಗುತ್ತದೆ, ತೆರಿಗೆಯೇ ಇಲ್ಲದಿದ್ದರೆ ಖಾತೆಗೆ ವಾಪಸು ಬರುತ್ತದೆ. ಅಮ್ಮನ ಪ್ಯಾನ್ ಮೇಲೆ ಪ್ಯಾಕೇಜ್ ಕೊಂಡಿದ್ದರೆ ರಿಟರ್ನ್ ಹಾಕಬೇಕಾದವರು ಅಮ್ಮನೇ. ಅದನ್ನು ಈಗಲೇ ನಿಮ್ಮ ಆಡಿಟರ್‌ಗೆ ಹೇಳಿಡಿ.